ಮಾದೇಶ್ವರ ಕಾವ್ಯದಲ್ಲಿ ಸೇಡು

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವನ್ನು ನಡುವಿಟ್ಟುಕೊಂಡು ದೇವರಗುಡ್ಡರೂ ಕಂಸಾಳೆಯವರೂ ಹಾಡುತ್ತ ಬಂದ ಮೌಖಿಕ ಮಹಾಕಾವ್ಯದ ಗಟ್ಟಿ ಎಳೆಗಳಲ್ಲಿ ಸೇಡು ಒಂದು. ‘ಸಾಲು’ಗಳೆಂಬ ಭಾಗಗಳಾಗಿ ಹರಡಿಕೊಂಡ ಈ ಕಾವ್ಯದ ಒಂದು ಪಾಠ ಪಿ.ಕೆ. ರಾಜಶೇಖರರ ಸಂಪಾದನೆಯಲ್ಲಿ 1973ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯನವರ ತಂಡ ಹಾಡಿದ್ದನ್ನು ಕೇಶವನ್ ಪ್ರಸಾದ್ ಹೊರತಂದರು. ಇಲ್ಲಿ ನೊಂದವರು ತಾವೇ ಕೈಯೆತ್ತುವುದಿಲ್ಲ. ಅವರ ಪರವಾಗಿ ಮಾದಪ್ಪ, ಅಂದರೆ ಮಾದೇಶ್ವರನೇ, ಸೇಡು ತೀರಿಸುತ್ತಾನೆ. ಅದು ಮುಗಿಯುವುದು ಬಹುಮಟ್ಟಿಗೆ ಸಾವಿನಲ್ಲಲ್ಲ, ಎದುರಾಳಿಯನ್ನು ಒಕ್ಕಲಾಗಿಸಿಕೊಳ್ಳುವುದರಲ್ಲಿ. ಆಲಂಬಾಡಿಯ ಸಿರಿವಂತ ಜುಂಜೇಗೌಡ ಕೊನೆಗೆ ಗುಡಿ ಕಟ್ಟಿಸುವವನಾಗುತ್ತಾನೆ.

ನೊಂದವರ ಪರವಾಗಿ ತೀರುವ ಈ ಸೇಡಿಗೆ ಸಂಕಮ್ಮನ ಸಾಲು ಎಲ್ಲಕ್ಕಿಂತ ಬಲವಾದ ಸಾಕ್ಷಿ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯೆನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ, ಆಕೆ ಒಪ್ಪುವುದಿಲ್ಲ. ಹಿಂಸಿಸಿ, ಕಟ್ಟುಕಾವಲಿನಲ್ಲಿಟ್ಟು ಹೋಗುತ್ತಾನೆ. ಆಕೆಯ ಕರೆಗೆ ಓಗೊಟ್ಟು ಬಂದ ಮಾದಪ್ಪ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ. ಮರಳಿದ ಗಂಡ ಬಸುರಿಯನ್ನು ಕಂಡು ಸತ್ಯಪರೀಕ್ಷೆಗೆ ಒಡ್ಡುತ್ತಾನೆ, ಆಕೆ ಗೆಲ್ಲುತ್ತಾಳೆ. ಅಷ್ಟೆಲ್ಲ ಮಾಡಿದವನಿಗೆ ತಕ್ಕ ಶಾಸ್ತಿಯಾಗಲಿಲ್ಲ, ಪರೀಕ್ಷೆಗೆ ನಿಂತವಳೂ ಹೆಣ್ಣೇ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಭಾಷೆಯೊಂದನ್ನು ಕಸಿಯಲು ಹೊರಟವನ ಮನೆಯಲ್ಲಿ ಅವನ ಪಾಲಿಲ್ಲದೆ ಮಕ್ಕಳು ಹುಟ್ಟುತ್ತಾರೆ, ಆ ಮಕ್ಕಳು ಮಾದಪ್ಪನ ಶಿಶುಮಕ್ಕಳಾಗುತ್ತಾರೆ. ಗಂಡನ ಯಜಮಾನಿಕೆಗೆ ಇದಕ್ಕಿಂತ ಆಳವಾದ ಏಟು ಕಡಿಮೆ. ಸಂಕಮ್ಮ ಕೊನೆಯವರೆಗೂ ಆ ಭಾಷೆ ಕೊಡುವುದಿಲ್ಲ ಎಂಬುದನ್ನು ವಿಮರ್ಶಕರು ಇನ್ನಷ್ಟು ಗಮನಿಸಬೇಕಿತ್ತು.

ಎರಡನೆಯ ಆಕ್ಷೇಪ ಹೆಚ್ಚು ತೊಡಕಿನದು. ಭಿಕ್ಷೆಗೆ ಬಂದ ಜಂಗಮನನ್ನು ಅಟ್ಟಿದ ಬೇವಿನಹಟ್ಟಿ ಕಾಳಮ್ಮನ ಮೇಲೆ ಎರಗುವುದು ದೇವರ ಸ್ವಂತ ಮುನಿಸಲ್ಲವೇ? ಮೇಲ್ನೋಟಕ್ಕೆ ಹೌದು. ಆದರೆ ಹಾಡುವವರು ಯಾರೆಂದು ನೋಡಬೇಕು: ಕಂಸಾಳೆ ಹಿಡಿದು ಮನೆಮನೆಯ ಭಿಕ್ಷೆಯನ್ನೇ ನೆಚ್ಚಿದವರು. ಕಣಜ ತುಂಬಿದ್ದೂ ಇಲ್ಲವೆಂದ ಮನೆಯ ಮುಂದೆ ನಿಂತ ಅವಮಾನ ಅವರದೇ. ದೇವತೆಗಳನ್ನೇ ಜೀತಕ್ಕಿಟ್ಟ ಶ್ರವಣದೊರೆ ಮಾತ್ರ ಒಕ್ಕಲಾಗದೆ ಸಾಯುತ್ತಾನೆ. ಅವನಿಗೆ ಮಾದಪ್ಪ ಹೂಡುವುದು ಮೆಟ್ಟಿನ ಉಪಾಯ. ಚಮ್ಮಾರಿಕೆಯ ಕಸುಬೇ ದೊರೆಯನ್ನು ಕೆಡವುತ್ತದೆ. ಎಚ್.ಎಸ್. ಶಿವಪ್ರಕಾಶರ ನಾಟಕ ‘ಮಾದಾರಿ ಮಾದಯ್ಯ’ನ ಹೆಸರೇ ಚಮ್ಮಾರಿಕೆಯೊಂದಿಗಿನ ಈ ನಂಟನ್ನು ಎತ್ತಿ ಹಿಡಿಯುತ್ತದೆ.

ಅಮೆರಿಕದ ಮೊಂಟಾನಾದ ಬ್ಲ್ಯಾಕ್‌ಫೀಟ್ ಜನರ ಬಾಳನ್ನು ಬರೆದ ಕಾದಂಬರಿಗಳಲ್ಲಿ ಸೇಡು ಬೇರೆ ದಾರಿ ಹಿಡಿಯುತ್ತದೆ. ಜೇಮ್ಸ್ ವೆಲ್ಚ್‌ರ ‘ಫೂಲ್ಸ್ ಕ್ರೋ’ (1986) 1870ರ ಜನವರಿ 23ರ ಮರಾಯಸ್ ನದಿ ದಂಡೆಯ ಹತ್ಯಾಕಾಂಡಕ್ಕೆ ಬಂದು ಮುಟ್ಟುತ್ತದೆ. ಕೆಲವರು ಎಬ್ಬಿಸಿದ ಸೇಡಿಗೆ ಬೆಲೆ ತೆತ್ತವರು ಬೇರೆಯವರು. ಸ್ಟೀಫನ್ ಗ್ರಹಾಂ ಜೋನ್ಸ್‌ರ ‘ದಿ ಓನ್ಲಿ ಗುಡ್ ಇಂಡಿಯನ್ಸ್’ನಲ್ಲಿ (2020) ನಾಲ್ವರು ಗೆಳೆಯರ ಬೇಟೆಗೆ ಬಲಿಯಾದ ಗಬ್ಬದ ಎಲ್ಕ್ ವರ್ಷಗಳ ನಂತರ ಅವರನ್ನು ಬೆನ್ನಟ್ಟಿ ಬರುತ್ತದೆ. ಮಾದೇಶ್ವರ ಕಾವ್ಯದಲ್ಲಿ ಮೃಗಕ್ಕೆ ಹೀಗೆ ತಾನೇ ಲೆಕ್ಕ ಚುಕ್ತಾ ಮಾಡುವ ಹೊಣೆಯಿಲ್ಲ, ಹುಲಿ ಮಾದಪ್ಪನ ವಾಹನ. ಹೊರಗಿನ ಬದುಕು ಅಷ್ಟು ಸರಳವಲ್ಲ: 2025ರ ಜೂನ್‌ನಲ್ಲಿ ಇದೇ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದಾಗ, ಹಸು ಕೊಂದದ್ದರ ಸೇಡೆಂಬ ಕಾರಣವೇ ತನಿಖೆಯಲ್ಲಿ ಮುಂದೆ ಬಂತು.