ಚೀಟಿ ಉಳಿಸಿದ ಚಂದ್ರನ ಅಂಕಿಗಳು

ಕಾವೇರಿ ದಂಡೆಯ ನೆಲ್ಯಹುದಿಕೇರಿ ಕಾಫಿ ಸೀಮೆಯ ಊರು. ಇಲ್ಲಿನ ತೋಟಗಳಲ್ಲಿ ಕೊಯ್ಲು ಮುಗಿದು, ಕಾಫಿ ಒಣಗಿ, ಮೂಟೆಯ ಬಾಯಿ ಹೊಲಿದ ಮೇಲೆ ಹೊರಗಿನಿಂದ ನೋಡುವವರಿಗೆ ಎಲ್ಲ ಮೂಟೆಗಳೂ ಒಂದೇ. ಒಳಗಿರುವುದು ಅರೇಬಿಕಾ ಪಾರ್ಚ್‌ಮೆಂಟೋ, ರೋಬಸ್ಟಾ ಚೆರಿಯೋ, ಯಾವ ತೋಟದ್ದು, ತೂಕ ಎಷ್ಟು ಎಂಬುದನ್ನು ಹೇಳುವುದು ಮೂಟೆಯ ಮೇಲಿನ ಗುರುತು. ಗುರುತು ಅಳಿಸಿದರೆ ಮೂಟೆಯನ್ನು ಬಿಚ್ಚಿ ನೋಡಬಹುದು. ಕಾಫಿ ಬೀಜ ತನ್ನ ಜಾತಿಯನ್ನು ತಾನೇ ಹೇಳುತ್ತದೆ. ಆದರೆ ಬಿಚ್ಚಿ ನೋಡಿದರೂ ಏನೂ ಹೇಳದ ಸರಕೊಂದಿದೆ. ಅದೇ ಕಂಪ್ಯೂಟರ್ ಕೂಡಿಡುವ ದ್ವಿಮಾನ ಅಂಕಿಗಳ, ಅಂದರೆ ಸೊನ್ನೆ ಮತ್ತು ಒಂದುಗಳ ರಾಶಿ.

ಒಂದು ಸಣ್ಣ ಉದಾಹರಣೆ ನೋಡಬಹುದು. ಕಡತವೊಂದರಲ್ಲಿ ಎರಡು ಬೈಟುಗಳಿವೆ. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 2. ದೊಡ್ಡ ಸ್ಥಾನದ ಅಂಕಿಯನ್ನು ಮೊದಲು ಬರೆಯುವ ಯಂತ್ರ ಇದನ್ನು 258 ಎಂದು ಓದುತ್ತದೆ. ಚಿಕ್ಕ ಸ್ಥಾನದ ಅಂಕಿಯನ್ನು ಮೊದಲು ಬರೆಯುವ ಯಂತ್ರಕ್ಕೆ ಅದೇ 513. ಎರಡೂ ಬಗೆಯ ಯಂತ್ರಗಳು ಬಳಕೆಯಲ್ಲಿದ್ದವು. ಹಾಗಾದರೆ ಸರಿಯಾದದ್ದು ಯಾವುದು? ಅದನ್ನು ಆ ಬೈಟುಗಳು ಹೇಳಲಾರವು. ಆ ಸಂಖ್ಯೆ ಉಷ್ಣತೆಯೋ, ದೂರವೋ, ಚಿತ್ರದ ಒಂದು ಚುಕ್ಕೆಯ ಹೊಳಪೋ ಎಂಬುದನ್ನಂತೂ ಮೊದಲೇ ಹೇಳಲಾರವು.

ಈ ಮೌನಕ್ಕೆ ವಿಜ್ಞಾನ ದುಬಾರಿ ಬೆಲೆ ತೆತ್ತಿದೆ. 1976ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣಿನಲ್ಲಿ ಜೀವದ ಕುರುಹು ಹುಡುಕಿದ್ದವು. ಎರಡು ದಶಕಗಳ ನಂತರ ಜೋಸೆಫ್ ಮಿಲ್ಲರ್ ಎಂಬ ವಿಜ್ಞಾನಿ ಆ ಪ್ರಯೋಗದ ಫಲಿತಾಂಶಗಳನ್ನು ಮತ್ತೆ ಪರೀಕ್ಷಿಸಲು ಹೊರಟರು. ಟೇಪುಗಳೇನೋ ಇದ್ದವು, ಆದರೆ ಅಂಕಿಗಳನ್ನು ಜೋಡಿಸಿದ್ದ ಕ್ರಮ ಬಲ್ಲವರು ಉಳಿದಿರಲಿಲ್ಲ. ಕೊನೆಗೆ ಅವರು ಹಳೆಯ ಕಾಗದದ ಪ್ರತಿಗಳ ಮೊರೆಹೋಗಬೇಕಾಯಿತು.

ಖಗೋಳಶಾಸ್ತ್ರಜ್ಞರು ಈ ಅಪಾಯವನ್ನು ಮೊದಲೇ ಮನಗಂಡಿದ್ದರು. ಒಂದು ವೀಕ್ಷಣಾಲಯದ ಟೇಪು ಇನ್ನೊಂದರ ಯಂತ್ರಕ್ಕೆ ಅರ್ಥವಾಗದೆ ಅವರು ಬೇಸತ್ತಿದ್ದರು. 1981ರಲ್ಲಿ ವೆಲ್ಸ್, ಗ್ರೈಸನ್ ಮತ್ತು ಹಾರ್ಟನ್ ಪ್ರಕಟಿಸಿದ 'ಫಿಟ್ಸ್' ಪದ್ಧತಿ ಇದಕ್ಕೆ ಸರಳ ಉಪಾಯ ಸೂಚಿಸಿತು. ಅಂಕಿಗಳ ರಾಶಿಯ ಮುಂದೆ, ಅದೇ ಕಡತದಲ್ಲಿ, ಮನುಷ್ಯರೂ ಓದಬಲ್ಲ ಅಕ್ಷರಗಳಲ್ಲಿ ವಿವರಣೆ ಇರಬೇಕು: ಒಂದು ಸಂಖ್ಯೆಗೆ ಎಷ್ಟು ಬಿಟ್, ಸಾಲುಗಳೆಷ್ಟು, ಪ್ರತಿ ಸಾಲಿನಲ್ಲಿ ಚುಕ್ಕೆಗಳೆಷ್ಟು. ವಿವರಣೆಯ ಒಂದೊಂದು ಸಾಲಿಗೂ 80 ಅಕ್ಷರ. ರಂಧ್ರ ಕೊರೆದ ಹಳೆಯ ಕಾರ್ಡುಗಳಲ್ಲಿ ಇದ್ದದ್ದು ಅಷ್ಟೇ ಅಂಕಣಗಳು. ಕಾರ್ಡುಗಳು ಮೂಲೆ ಸೇರಿದರೂ ಅವುಗಳ ಅಳತೆ ಇಂದಿಗೂ ಉಳಿದಿದೆ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶ ವಿಜ್ಞಾನಿಗಳ ಕೈಸೇರುವುದು ಈ ಪದ್ಧತಿಯಲ್ಲೇ.

ಗ್ರಹಯಾನಗಳ ದತ್ತಾಂಶಕ್ಕೆ ಅಮೆರಿಕದ ನಾಸಾ 'ಪಿಡಿಎಸ್' ಎಂಬ ಬೇರೊಂದು ಪದ್ಧತಿಯನ್ನು ರೂಪಿಸಿತು. ಇದರಲ್ಲಿ ಪ್ರತಿ ಕಡತಕ್ಕೂ ಒಂದು ಚೀಟಿ. ಇದರ ನಾಲ್ಕನೆಯ ಆವೃತ್ತಿಯಲ್ಲಿ ಚೀಟಿಯನ್ನು 'ವರ್ಗ'ಗಳಾಗಿ ವಿಂಗಡಿಸಲಾಗಿದೆ. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ಕೋಷ್ಟಕ ಎಂಬ ವರ್ಗದೊಳಗೆ ಸಾಲು, ಸಾಲಿನೊಳಗೆ ಅಂಕಣ. ಪ್ರತಿ ಅಂಕಣವೂ ತನ್ನ ಹೆಸರು, ತಾನು ಎಷ್ಟನೆಯ ಬೈಟಿನಿಂದ ಶುರು, ಉದ್ದ ಎಷ್ಟು, ಬೈಟುಗಳ ಕ್ರಮ ಯಾವುದು, ಮಾನ ಯಾವುದು ಎಂದು ತಿಳಿಸುತ್ತದೆ. ಇಷ್ಟು ತಿಳಿದರೆ ಯಾವ ಯಂತ್ರವೂ ಅದನ್ನು ಓದಬಲ್ಲದು. ಬೇಕಾದ ಬೇರೆ ರೂಪಕ್ಕೆ ಬದಲಿಸಿ ರವಾನಿಸಬಲ್ಲದು. ಅಂಕಿಗಳನ್ನು ಬರೆದ ತಂತ್ರಾಂಶ ಉಳಿದಿರಬೇಕಾಗಿಲ್ಲ.

ಕರ್ನಾಟಕದಲ್ಲಿ ಈ ಕೆಲಸ ನಡೆಯುವ ಜಾಗ ಬೆಂಗಳೂರಿನ ಹೊರವಲಯದ ಬ್ಯಾಲಾಳು. ಚಂದ್ರಯಾನಕ್ಕೆಂದು ಇಲ್ಲಿ 18 ಮತ್ತು 32 ಮೀಟರ್ ವ್ಯಾಸದ ಆಂಟೆನಾಗಳು ಎದ್ದು ನಿಂತವು. ಅವುಗಳ ಜೊತೆಗೇ ಬಂದದ್ದು ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ. ನೌಕೆ ಕಳಿಸಿದ ಅಂಕಿಗಳನ್ನು ಬೇರ್ಪಡಿಸಿ, ಚೀಟಿ ಅಂಟಿಸಿ, ಕಾಪಿಡುವುದು ಇದರ ಹೊಣೆ. ಚಂದ್ರಯಾನ-2ರ ದತ್ತಾಂಶಕ್ಕೆ ಪಿಡಿಎಸ್‌ನ ನಾಲ್ಕನೆಯ ಆವೃತ್ತಿಯನ್ನೇ ಅಳವಡಿಸಲಾಗಿದೆ.

ಚೀಟಿಯ ಬೆಲೆ ಏನೆಂಬುದನ್ನು ಚಂದ್ರಯಾನ-1ರ ಕತೆಯೇ ಹೇಳುತ್ತದೆ. 2008ರ ಅಕ್ಟೋಬರ್ 22ರಂದು ಹಾರಿದ ಈ ನೌಕೆಗೆ ಎರಡು ವರ್ಷದ ಆಯುಸ್ಸು ನಿಗದಿಯಾಗಿತ್ತು. ಆದರೆ 2009ರ ಆಗಸ್ಟ್ 29ರಂದೇ ಅದು ಸಂಪರ್ಕ ಕಡಿದುಕೊಂಡಿತು. ನೌಕೆಯಲ್ಲಿದ್ದ ನಾಸಾದ 'ಎಂ-3' ಉಪಕರಣ ಚಂದ್ರನಿಂದ ಪ್ರತಿಫಲಿಸಿದ ಬೆಳಕನ್ನು, ಬಹುಪಾಲು ನೆಲದ ಮೇಲೆ, 85 ಪಟ್ಟಿಗಳಾಗಿ ಸೀಳಿ ಅಳೆದಿತ್ತು. ಆ ಅಳತೆಗಳು ಚೀಟಿಸಮೇತ ಪಿಡಿಎಸ್ ಭಂಡಾರ ಸೇರಿದವು. 2009ರ ಸೆಪ್ಟೆಂಬರಿನಲ್ಲಿ ಅವು ಚಂದ್ರನ ನೆಲದಲ್ಲಿ ನೀರಿನ ಅಂಶವಿರುವ ಸುದ್ದಿ ಕೊಟ್ಟವು. ಕತೆ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಶುವಾಯ್ ಲೀ ಮತ್ತು ಸಂಗಡಿಗರು ಅದೇ ಅಂಕಿಗಳನ್ನು ಹೊಸ ಬಗೆಯಲ್ಲಿ ಜಾಲಾಡಿದರು. ಧ್ರುವಗಳ ಬಳಿ ಎಂದೂ ಬಿಸಿಲು ಬೀಳದ ಕುಳಿಗಳಲ್ಲಿ, ಮೇಲ್ಮೈಯಲ್ಲೇ ನೀರ್ಗಲ್ಲು ಇರುವುದಕ್ಕೆ ನೇರ ಸಾಕ್ಷ್ಯ ದೊರೆಯಿತು. ನೌಕೆ ಮೌನವಾಗಿ ಆಗಲೇ ಒಂಬತ್ತು ವರ್ಷವಾಗಿತ್ತು.

ಪ್ರತಿಯೊಂದು ಅಂಕಿಯೂ ಯಾವ ಪಟ್ಟಿಯದು, ಚಂದ್ರನ ಯಾವ ಜಾಗದ್ದು ಎಂಬ ವಿವರ ಜೊತೆಗೆ ಇರದಿದ್ದರೆ ಈ ಶೋಧ ಸಾಧ್ಯವಾಗುತ್ತಿರಲಿಲ್ಲ. ವೈಕಿಂಗ್ ಟೇಪುಗಳಿಗೆ ಬಂದ ಗತಿಯೇ ಅವುಗಳಿಗೂ ಬರುತ್ತಿತ್ತು. ರಾಕೆಟ್ ಮೇಲೇರುವುದನ್ನು ಇಡೀ ದೇಶ ಉಸಿರು ಬಿಗಿಹಿಡಿದು ನೋಡುತ್ತದೆ. ಚೀಟಿ ಬರೆಯುವವರನ್ನು ಯಾರೂ ನೋಡುವುದಿಲ್ಲ. ಆದರೂ ಹಾರಿದ ನೌಕೆ ಮುಂದಿನ ತಲೆಮಾರಿಗೆ ಏನು ಬಿಟ್ಟುಹೋಯಿತು ಎಂಬುದನ್ನು ನಿರ್ಧರಿಸುವುದು ಅವರ ಕೆಲಸವೇ.