ಚಳಿಗೆ ಮದ್ದು ತಂದ ತಂತಿ

ನಾರ್ತ್ ಡಕೋಟ, ಮ್ಯಾನಿಟೋಬ, ಅಲಾಸ್ಕಗಳ ಚಳಿಗಾಲದಲ್ಲಿ ಲಾರಿಗಳ ಮೂತಿಯಿಂದ ಪ್ಲಗ್ಗೊಂದು ಹೊರಗೆ ಇಣುಕುತ್ತಿರುತ್ತದೆ. ರಾತ್ರಿ ಗಾಡಿ ನಿಲ್ಲಿಸಿದವರು ಅದನ್ನು ಸಾಕೆಟ್ಟಿಗೆ ಸಿಕ್ಕಿಸಿಯೇ ಮಲಗುತ್ತಾರೆ. ಅಲ್ಲಿ ಡೀಸೆಲ್ ಗಾಡಿಯ ಚಳಿಗೆ ಮದ್ದು ಸಿಕ್ಕಿದ್ದು ಬ್ಯಾಟರಿ ಸುಧಾರಿಸಿದ್ದರಿಂದಲ್ಲ, ಕರೆಂಟು ಹಳ್ಳಿ ಮುಟ್ಟಿದ್ದರಿಂದ ಎಂಬುದು ನನ್ನ ವಾದ. ಚಳಿಯ ಏಟು ಎರಡು ಕಡೆಯಿಂದ ಬೀಳುತ್ತದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೀಸದ ಬ್ಯಾಟರಿಯ ಕಸುವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಪೆಟ್ರೋಲಿಗೆ ಕಿಡಿ ಇದೆ. ಡೀಸೆಲ್ ಹೊತ್ತಿಕೊಳ್ಳುವುದು ಅದುಮಿದ ಗಾಳಿಯ ಬಿಸಿಗೆ; ಎಂಜಿನ್ ನಿಧಾನವಾಗಿ ತಿರುಗಿದರೆ ಆ ಬಿಸಿಯನ್ನು ತಣ್ಣನೆಯ ಲೋಹವೇ ನುಂಗಿಬಿಡುತ್ತದೆ. ಖಾಲಿಯಾದ ಬ್ಯಾಟರಿಯಂತೂ ಮೈನಸ್ 7ರ ಸುಮಾರಿಗೇ ಹೆಪ್ಪುಗಟ್ಟಬಲ್ಲದು.

ಕರೆಂಟಿಲ್ಲದ ಕಾಲದಲ್ಲಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯುತ್ತಿದ್ದರು. ಉತ್ತರದ ಪೈಲಟ್‌ಗಳು ವಿಮಾನದ ಬಿಸಿ ಆಯಿಲನ್ನು ಡಬ್ಬಕ್ಕೆ ಬಸಿದು ರಾತ್ರಿಯಿಡೀ ಒಲೆಯ ಪಕ್ಕ ಇಡುತ್ತಿದ್ದರು. 1935ರಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ವಿದ್ಯುತ್ ಇತ್ತು. ಆ ವರ್ಷ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ಯೋಜನೆ, ಸಹಕಾರ ಸಂಘಗಳಿಗೆ ಸಾಲ ಕೊಟ್ಟು ಹೊಲಗಳಿಗೆ ತಂತಿ ಎಳೆಸಿತು. ಅಂಥದೇ ಒಂದು ಸಂಘದ ವ್ಯವಸ್ಥಾಪಕ, ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರೂ ಫ್ರೀಮನ್, ಎಂಜಿನ್‌ನ ಬೋಲ್ಟಿನ ಜಾಗದಲ್ಲಿ ಕೂರುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಕರೆಂಟು ಮಾರುವವರೇ ಈ ಉಪಾಯ ಕಂಡುಕೊಂಡದ್ದು ಕಾಕತಾಳೀಯವಲ್ಲ. ಬ್ಯಾಟರಿಗೆ ಸುತ್ತುವ ಬಿಸಿ ಕಂಬಳಿಯೂ ಅದೇ ತಂತಿಯನ್ನು ನೆಚ್ಚಿದೆ. ಅದು ಎಳೆಯುವ ಕರೆಂಟು ಹಳೆಯ 60 ವ್ಯಾಟ್ ಬಲ್ಬಿನ ಆಸುಪಾಸು.

ರಾತ್ರಿಯಿಡೀ ಎಂಜಿನ್ ಆಫ್ ಮಾಡದಿದ್ದರೆ ಇದೆಲ್ಲ ಏಕೆ ಎನ್ನಬಹುದು. ಎಷ್ಟೋ ಡ್ರೈವರುಗಳು ಹಾಗೆಯೇ ಮಾಡಿದರು. ಆದರೆ ನಿಂತಲ್ಲೇ ಓಡುವ ದೊಡ್ಡ ಎಂಜಿನ್ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. ಹತ್ತು ಗಂಟೆಗೆ 30 ಲೀಟರ್ ಸುಟ್ಟರೂ ಗಾಡಿ ಒಂದು ಗಜವೂ ಮುಂದೆ ಹೋಗಿರುವುದಿಲ್ಲ. ಸಿಂಥೆಟಿಕ್ ಆಯಿಲ್, ಎಂಜಿನ್ನಿನ ಒಳಗನ್ನು ಬಿಸಿಮಾಡುವ ಗ್ಲೋ ಪ್ಲಗ್ ಬಂದಮೇಲೆ ಕಂಬಳಿ ಏಕೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅವು ನೆರವಾಗಿರುವುದು ನಿಜ. ಹದವಾದ ಚಳಿಗೆ ಅಷ್ಟೇ ಸಾಕು. ಮೈನಸ್ 40ರಲ್ಲಿ ಮಾತ್ರ, ಗ್ಲೋ ಪ್ಲಗ್ ಕೆಂಪಾಗುವುದಕ್ಕೂ ಸ್ಟಾರ್ಟರ್ ತಿರುಗುವುದಕ್ಕೂ ಅದೇ ಬ್ಯಾಟರಿಯೇ ಗತಿ, ಮತ್ತು ಅದರೊಳಗಿರುವುದು 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಆಮ್ಲದ ಜೋಡಿಯೇ. ತಣ್ಣಗಾದ ಬ್ಯಾಟರಿ ಚಾರ್ಜನ್ನೂ ಸರಿಯಾಗಿ ಹಿಡಿಯದು. ಅದಕ್ಕೇ ಅಲಾಸ್ಕದ ಫೇರ್‌ಬ್ಯಾಂಕ್ಸ್‌ನ ಪಾರ್ಕಿಂಗ್ ಜಾಗಗಳಲ್ಲಿ ಸಾಲಾಗಿ ಸಾಕೆಟ್ಟುಗಳಿವೆ. ವಿದ್ಯುತ್ ಕಾರುಗಳು ಬರುವುದಕ್ಕೆ ಎಷ್ಟೋ ಮೊದಲೇ ಅವು ಅಲ್ಲಿದ್ದವು.