ಎರಡು ಬಾರಿ ವಲಸೆ ಹೋದ ಜನನಾಯಕ: ಒಸ್ಕಾರಿ ತೊಕೊಯ್

ಒಬ್ಬ ವ್ಯಕ್ತಿಯ ಹೆಸರಿನಿಂದಲೇ ಪ್ರಸಿದ್ಧವಾಗುವ ಶಾಸನವನ್ನು ದೇಶದ ಸಂಸತ್ತು ರಚಿಸುವುದು ಅಪರೂಪ. ಆ ವ್ಯಕ್ತಿಯು ಅದೇ ದೇಶದಲ್ಲಿ ದೇಶದ್ರೋಹದ ಆರೋಪ ಹೊತ್ತು, ಇಪ್ಪತ್ತೈದು ವರ್ಷಗಳಿಂದ ಹೊರಗುಳಿದವನಾಗಿದ್ದರೆ ಅದು ಇನ್ನೂ ಅಪರೂಪ. 1944ರಲ್ಲಿ ಫಿನ್‌ಲೆಂಡಿನ ಸಂಸತ್ತು ಅಂಥದೊಂದು ಶಾಸನವನ್ನು ಅಂಗೀಕರಿಸಿತು. ಜನರು ಅದನ್ನು 'ಲೆಕ್ಸ್ ತೊಕೊಯ್', ಎಂದರೆ ತೊಕೊಯ್ ಶಾಸನವೆಂದು ಕರೆದರು. ಅದರಿಂದ ಕ್ಷಮೆ ಪಡೆದ ಒಸ್ಕಾರಿ ತೊಕೊಯ್ ಅವರಿಗೆ ಆಗ ವಯಸ್ಸು ಎಪ್ಪತ್ತು ದಾಟಿತ್ತು. ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ ಫಿನ್ನಿಷ್ ಭಾಷೆಯ ಪತ್ರಿಕೆಗೆ ಬರೆಯುತ್ತ ಅವರು ಬಾಳುತ್ತಿದ್ದರು.

ಪ್ರಿಯ ವಾಚಕರೇ, ಫಿನ್‌ಲೆಂಡ್ ನಮ್ಮಲ್ಲಿ ಬಹುಮಂದಿಗೆ ಭೂಪಟದಲ್ಲಿ ಮಾತ್ರ ಕಂಡ ನಾಡು. ಯೂರೋಪಿನ ಉತ್ತರದ ಅಂಚಿನಲ್ಲಿರುವ ಈ ದೇಶವು ಬಹುಕಾಲ ಸ್ವೀಡನ್ನಿನ ಅಧೀನದಲ್ಲಿದ್ದು, 1809ರಲ್ಲಿ ರಷ್ಯದ ಚಕ್ರವರ್ತಿಯ ವಶಕ್ಕೆ ಬಂದಿತು. ಕಾಡು, ಕೆರೆ, ಹಿಮಗಳ ಆ ನಾಡಿನಲ್ಲಿ ಹೊಲ ಕಡಿಮೆ, ಮನೆಯಲ್ಲಿ ಮಕ್ಕಳು ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮೊದಲ ಮಹಾಯುದ್ಧದವರೆಗೆ ಸುಮಾರು 3 ಲಕ್ಷ ಜನರು ಅಲ್ಲಿಂದ ಉತ್ತರ ಅಮೆರಿಕಕ್ಕೆ ಹಡಗು ಹತ್ತಿದರು. ಅವರಲ್ಲಿ ದೊಡ್ಡ ಪಾಲು ಪಶ್ಚಿಮ ತೀರದ ಓಸ್ಟ್ರೊಬೋತ್ನಿಯಾ ಪ್ರಾಂತದವರು. ಆ ಪ್ರಾಂತದ ಕನ್ನುಸ್ ಎಂಬ ಊರಿನಲ್ಲಿ 1873ರ ಮೇ 15ರಂದು ತೊಕೊಯ್ ಜನಿಸಿದರು. ಹದಿನೆಂಟರ ಪ್ರಾಯದಲ್ಲಿ, 1891ರಲ್ಲಿ, ಅವರೂ ಅದೇ ಕಡಲಹಾದಿ ಹಿಡಿದರು.

ಅಮೆರಿಕದ ಪಶ್ಚಿಮ ಭಾಗದ ಗಣಿಗಳಲ್ಲಿ ಅವರು ಒಂಬತ್ತು ವರ್ಷ ದುಡಿದರು. ಭಾಷೆ ಬಾರದ ವಲಸಿಗನಿಗೆ ಅಲ್ಲಿ ಸಿಗುತ್ತಿದ್ದುದು ನೆಲದಡಿಯ ಕೆಲಸವೇ. ಒಬ್ಬನ ಎಚ್ಚರದ ಮೇಲೆ ಮತ್ತೊಬ್ಬನ ಪ್ರಾಣ ನಿಂತಿರುವ ಜಾಗವದು. ಗಣಿಗಾರರ ಸಂಘಟನೆಯೆಂದರೇನೆಂಬುದನ್ನು ತೊಕೊಯ್ ಪುಸ್ತಕದಿಂದ ಕಲಿತವರಲ್ಲ. ಆ ಕತ್ತಲೆಯಲ್ಲಿ ಕಲಿತವರು. 1900ರಲ್ಲಿ ಊರಿಗೆ ಹಿಂತಿರುಗಿದಾಗ ಅವರು ಹೊತ್ತು ತಂದ ನಿಜವಾದ ಗಳಿಕೆ ಅದೇ ಎಂದು ನನಗೆ ತೋರುತ್ತದೆ.

ಆ ಗಳಿಕೆಗೆ ಬೆಲೆ ಬರುವ ಕಾಲವೂ ಕೂಡಿಬಂದಿತು. 1906ರ ಸುಧಾರಣೆಯಿಂದ ಫಿನ್‌ಲೆಂಡಿಗೆ 200 ಸದಸ್ಯರ ಒಂದೇ ಸದನದ ಸಂಸತ್ತು ದೊರೆಯಿತು. ಸ್ತ್ರೀಯರಿಗೂ ಮತದಾನದ ಮತ್ತು ಚುನಾವಣೆಗೆ ನಿಲ್ಲುವ ಹಕ್ಕು ಬಂದಿತು. 1907ರ ಮೊದಲ ಚುನಾವಣೆಯಲ್ಲಿ 19 ಮಂದಿ ಸ್ತ್ರೀಯರು ಆಯ್ಕೆಯಾದರು. ಸೋಶಿಯಲ್ ಡೆಮಾಕ್ರಟಿಕ್ ಪಕ್ಷವು 80 ಸ್ಥಾನಗಳನ್ನು ಗೆದ್ದಿತು. ಗೆದ್ದವರಲ್ಲಿ ತೊಕೊಯ್ ಒಬ್ಬರು. ಮುಂದೆ ಅವರು ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾದರು. 1913ರಲ್ಲಿ ಸಂಸತ್ತಿನ ಸಭಾಧ್ಯಕ್ಷ ಪೀಠವನ್ನೇರಿದರು. 1916ರಲ್ಲಿ ಅವರ ಪಕ್ಷಕ್ಕೆ 103 ಸ್ಥಾನಗಳು, ಎಂದರೆ ಸ್ಪಷ್ಟ ಬಹುಮತ ದೊರೆಯಿತು. ಆದರೆ ಯುದ್ಧಕಾಲದ ಚಕ್ರವರ್ತಿಯು ಆ ಸಂಸತ್ತನ್ನು ಕರೆಯಲೇ ಇಲ್ಲ.

1917ರ ಮಾರ್ಚಿಯಲ್ಲಿ ಚಕ್ರವರ್ತಿಯ ಸಿಂಹಾಸನವೇ ಉರುಳಿತು. ಆರು ಮಂದಿ ಸಮಾಜವಾದಿಗಳು, ಆರು ಮಂದಿ ಇತರ ಪಕ್ಷಗಳವರು ಕೂಡಿದ ಸರ್ಕಾರವೊಂದು ಫಿನ್‌ಲೆಂಡಿನಲ್ಲಿ ರಚಿತವಾಯಿತು. ಗಣಿಯಲ್ಲಿ ದುಡಿದ ತೊಕೊಯ್ ಅದರ ಮುಖ್ಯಸ್ಥರಾದರು. ಯೂರೋಪಿನಲ್ಲಿ ಸರ್ಕಾರವೊಂದರ ಮುಖ್ಯಸ್ಥರಾದ ಮೊದಲ ಸಮಾಜವಾದಿ ಇವರೆಂದು ಗಣಿಸುವುದುಂಟು. ಎಂಟು ಗಂಟೆಗಳ ದುಡಿಮೆಯ ಶಾಸನವನ್ನು ಸಂಸತ್ತು ಅಂಗೀಕರಿಸಿದ್ದು ಆ ಬೇಸಿಗೆಯಲ್ಲಿಯೇ. ಜುಲೈ 18ರಂದು ಅದೇ ಸಂಸತ್ತು, ದೇಶದ ಆಂತರಿಕ ವಿಷಯಗಳಲ್ಲಿ ಪರಮಾಧಿಕಾರವು ತನ್ನದೇ ಎಂದು ಸಾರಿತು. ಪೆಟ್ರೊಗ್ರಾಡಿನ ತಾತ್ಕಾಲಿಕ ಸರ್ಕಾರ ಅದನ್ನು ಸಹಿಸದೆ ಸಂಸತ್ತನ್ನು ವಿಸರ್ಜಿಸಿತು. ತೊಕೊಯ್ ಸರ್ಕಾರದಿಂದ ಹೊರಬಂದರು. ಅಕ್ಟೋಬರ್ ಚುನಾವಣೆಯಲ್ಲಿ ಅವರ ಪಕ್ಷವು 92 ಸ್ಥಾನಗಳಿಗಿಳಿಯಿತು. ಡಿಸೆಂಬರ್ 6ರಂದು ಫಿನ್‌ಲೆಂಡ್ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಎರಡನೆಯ ತಿಂಗಳಿನಲ್ಲಿಯೇ ಅಣ್ಣತಮ್ಮಂದಿರ ನಡುವೆ ಯುದ್ಧ ಆರಂಭವಾಯಿತು.

1918ರ ಜನವರಿಯಿಂದ ಮೇ ತಿಂಗಳವರೆಗೆ ನಡೆದ ಆ ಅಂತಃಕಲಹದಲ್ಲಿ ಒಂದು ಕಡೆ ಕೆಂಪು ಪಕ್ಷ, ಇನ್ನೊಂದು ಕಡೆ ಜನರಲ್ ಮನ್ನರ್‌ಹೈಮ್ ಅವರ ಬಿಳಿ ಸೇನೆ. ತೊಕೊಯ್ ಮಿತವಾದಿಗಳೆಂದೇ ಹೆಸರಾಗಿದ್ದರು. ಅವರ ಸಹೋದ್ಯೋಗಿ ವ್ಯಾಯ್ನೊ ಟಾನ್ನರ್ ಸಶಸ್ತ್ರ ದಂಗೆಯಿಂದ ದೂರ ಸರಿದು ನಿಂತರು. ತೊಕೊಯ್ ಹಾಗೆ ಸರಿಯಲಿಲ್ಲ. ಕೆಂಪು ಸರ್ಕಾರದಲ್ಲಿ ಆಹಾರದ ಹೊಣೆ ಹೊತ್ತರು. ತನಗೆ ಬೇಕಾದ ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದ್ದ ದೇಶದಲ್ಲಿ ಯುದ್ಧಕಾಲದ ಆ ಹೊಣೆ ಎಂಥದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಏಪ್ರಿಲಿನಲ್ಲಿ ಜರ್ಮನ್ ಸೇನೆಯು ಬಿಳಿಯರ ನೆರವಿಗೆ ಬಂದಿಳಿಯಿತು. ಕೆಂಪು ಪಕ್ಷ ಕುಸಿಯಿತು. ಸುಮಾರು 80,000 ಮಂದಿ ಸೆರೆಯಾದರು. ಅವರಲ್ಲಿ 12,000ಕ್ಕೂ ಹೆಚ್ಚು ಜನರು ಶಿಬಿರಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಮಡಿದರು. ನಾಯಕರು ರಷ್ಯಕ್ಕೆ ಓಡಿದರು. ತೊಕೊಯ್ ಸಹ ಓಡಿದರು.

ಇಲ್ಲಿಂದ ಮುಂದಿನದು ಈ ಜೀವನದ ಅತ್ಯಂತ ಕಠಿಣ ಅಧ್ಯಾಯ. ರಷ್ಯದ ಉತ್ತರದ ತುದಿಯಲ್ಲಿ ಮುರ್ಮಾನ್ಸ್ಕ್ ರೈಲುಮಾರ್ಗದ ಸುತ್ತ ನೂರಾರು ಫಿನ್ನಿಷ್ ನಿರಾಶ್ರಿತರು ಅನ್ನವಿಲ್ಲದೆ ಅಲೆಯುತ್ತಿದ್ದರು. ಜರ್ಮನರೂ ಬಿಳಿ ಫಿನ್ನರೂ ಆ ಮಾರ್ಗವನ್ನು ಹಿಡಿದಾರೆಂಬ ಭಯದಿಂದ ಬ್ರಿಟಿಷರು 1918ರ ಬೇಸಿಗೆಯಲ್ಲಿ ಈ ಜನರನ್ನೇ ಸೇರಿಸಿ ಮುರ್ಮಾನ್ಸ್ಕ್ ಲೀಜನ್ ಎಂಬ ಪಡೆ ಕಟ್ಟಿದರು. ಸಾವಿರಕ್ಕೂ ಹೆಚ್ಚು ಮಂದಿ ಬ್ರಿಟಿಷ್ ಸಮವಸ್ತ್ರ ತೊಟ್ಟರು. ಬ್ರಿಟಿಷ್ ಪಡಿತರವೇ ಅವರ ಪ್ರಾಣ ಉಳಿಸಿತು. ತೊಕೊಯ್ ಸ್ವಇಚ್ಛೆಯಿಂದ ಆ ಪಡೆಯೊಡನೆ ಸೇರಿ ಅದರ ರಾಜಕೀಯ ನಾಯಕರಾದರು. ಸೆಪ್ಟೆಂಬರಿನಲ್ಲಿ ಆರ್ಖಾಂಗೆಲ್ಸ್ಕಿನಿಂದ ತಮ್ಮ ಸಂಗಾತಿಗಳಿಗೆ ಅವರೊಂದು ಬಹಿರಂಗ ಪತ್ರ ಬರೆದರು. ರಷ್ಯದ ಬಹುಜನರು ಹೊಸ ಆಳ್ವಿಕೆಯ ಜೊತೆಗಿಲ್ಲ, ಬಲಾತ್ಕಾರದಿಂದ ನಡೆಯುವ ರಾಜ್ಯವು ಕಾರ್ಮಿಕನಿಗೆ ಹಿತ ತರಲಾರದು ಎಂಬುದು ಅದರ ಸಾರ. ಮಾಸ್ಕೋದಲ್ಲಿ ಆಗಷ್ಟೆ ಕಮ್ಯುನಿಸ್ಟ್ ಪಕ್ಷ ಕಟ್ಟಿಕೊಂಡಿದ್ದ ಅವರ ಹಳೆಯ ಗೆಳೆಯರು ಅವರನ್ನು ದ್ರೋಹಿಯೆಂದರು. ಹೆಲ್ಸಿಂಕಿಯಲ್ಲಿ ಬಿಳಿಯರಿಗೆ ಅವರು ಮೊದಲೇ ದ್ರೋಹಿ.

ತನ್ನ ದೇಶದ ಸರ್ಕಾರವನ್ನು ನಡೆಸಿದ ವ್ಯಕ್ತಿ ಪರದೇಶದ ಸೇನೆಯ ನೆರಳಿಗೆ ಹೋಗಿ ನಿಂತದ್ದು ಸರಿಯೇ? ನನಗೆ ಈ ವಿಷಯದಲ್ಲಿ ಪೂರ್ಣ ಸಮಾಧಾನವಿಲ್ಲ. ಬ್ರಿಟಿಷರು ಬೋಲ್ಶೆವಿಕರ ಮೇಲೆ ಯುದ್ಧಕ್ಕೆ ತಿರುಗಿದಾಗ ಲೀಜನ್ನಿನ ಸಾಮಾನ್ಯ ಸೈನಿಕರೇ ರಷ್ಯದ ಕೆಂಪು ಸೈನಿಕರ ಮೇಲೆ ಗುಂಡು ಹಾರಿಸಲೊಪ್ಪಲಿಲ್ಲ; 1919ರ ಆರಂಭದಲ್ಲಿ ಬಂಡಾಯದ ಅಂಚಿಗೂ ಬಂದರು. ಆದರೆ ಅನ್ನ, ಬಟ್ಟೆ, ಮನೆಗೆ ಮರಳುವ ದಾರಿ ಈ ಮೂರನ್ನು ಆ ಜನರಿಗೆ ಬೇರೆ ಯಾರೂ ಕೊಡುವಂತಿರಲಿಲ್ಲವೆಂಬುದನ್ನೂ ಮರೆಯಲಾಗದು. ಸಂಧಾನದ ಫಲವಾಗಿ ಬಹುಪಾಲು ಸೈನಿಕರಿಗೆ ಫಿನ್‌ಲೆಂಡಿಗೆ ಮರಳಲು ಅನುಮತಿ ದೊರೆಯಿತು. ನಾಯಕರಿಗೆ ಮಾತ್ರ ಬಾಗಿಲು ಮುಚ್ಚಿತು. ತೊಕೊಯ್ ಇಂಗ್ಲೆಂಡಿಗೆ, ಅಲ್ಲಿಂದ ಕೆನಡಾಕ್ಕೆ, ಕೊನೆಗೆ ಮತ್ತೆ ಅಮೆರಿಕಕ್ಕೆ ಬಂದರು. ಮೊದಲ ಬಾರಿ ಬಡತನ ಅವರನ್ನು ಅಲ್ಲಿಗೆ ಕಳುಹಿಸಿತ್ತು. ಎರಡನೆಯ ಬಾರಿ ಹೋಗಲು ಬೇರೆ ನೆಲವೇ ಇರಲಿಲ್ಲ.

ಮ್ಯಾಸಚೂಸೆಟ್ಸ್ ರಾಜ್ಯದ ಫಿಚ್‌ಬರ್ಗ್ ಫಿನ್ನಿಷ್ ವಲಸಿಗರ ಊರು. ಅಲ್ಲಿನ ಕಾರ್ಮಿಕರು 1914ರಲ್ಲಿ ತಮ್ಮದೇ ಒಂದು ಉಳಿತಾಯ ಮತ್ತು ಸಾಲದ ಸಹಕಾರ ಸಂಘವನ್ನು ಕಟ್ಟಿಕೊಂಡಿದ್ದರು. 1905ರಿಂದ 'ರೈವಾಯಾ' ಎಂಬ ಪತ್ರಿಕೆ ಅಲ್ಲಿಂದ ಹೊರಡುತ್ತಿತ್ತು; ಕಾಡು ಕಡಿದು ಹೊಲ ಮಾಡುವವನು ಎಂದು ಆ ಹೆಸರಿನ ಅರ್ಥ. ತೊಕೊಯ್ ಅದರ ಸಂಪಾದಕ ವರ್ಗವನ್ನು ಸೇರಿದರು. 1930ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ ಮತ್ತು ಕೆನಡಾಗಳ ಸುಮಾರು 6,000 ಫಿನ್ನರು ಹೊಸ ಸಮಾಜ ಕಟ್ಟುವ ಉತ್ಸಾಹದಿಂದ, ಮನೆ ಮಾರಿ, ಉಪಕರಣಗಳ ಸಮೇತ ಸೋವಿಯತ್ ಕರೇಲಿಯಕ್ಕೆ ಹೊರಟರು. ಅವರನ್ನು ಬರಮಾಡಿಕೊಂಡ ಅಲ್ಲಿನ ನಾಯಕ ಎಡ್ವರ್ಡ್ ಗ್ಯುಲಿಂಗ್, ಕೆಂಪು ಸರ್ಕಾರದಲ್ಲಿ ತೊಕೊಯ್ ಅವರೊಡನೆ ಕುಳಿತಿದ್ದವರೇ. 1937–38ರ ಭೀಕರ ದಮನದಲ್ಲಿ ಆ ವಲಸಿಗರಲ್ಲಿ ಅನೇಕರು ಕೊಲ್ಲಲ್ಪಟ್ಟರು. ಗ್ಯುಲಿಂಗ್ ಅವರನ್ನು 1938ರಲ್ಲಿ ಗುಂಡಿಟ್ಟು ಕೊಂದರು. ಕೆಂಪು ಸರ್ಕಾರದ ಮುಖ್ಯಸ್ಥರಾಗಿದ್ದ ಕುಲ್ಲೆರ್ವೊ ಮಾನ್ನೆರ್ 1939ರಲ್ಲಿ ಸೋವಿಯತ್ ಶ್ರಮಶಿಬಿರದಲ್ಲಿ ಅಸುನೀಗಿದರು. ಆರ್ಖಾಂಗೆಲ್ಸ್ಕಿನ ಪತ್ರವನ್ನು ಈ ಮರಣಗಳ ಪಕ್ಕದಲ್ಲಿಟ್ಟು ಓದಬೇಕು.

1939ರ ನವೆಂಬರ್ 30ರಂದು ಸೋವಿಯತ್ ಸೇನೆಯು ಫಿನ್‌ಲೆಂಡಿನ ಮೇಲೆರಗಿತು. ಆಗ ಫಿನ್ನಿಷ್ ಸೇನೆಯ ದಂಡನಾಯಕರು ಅದೇ ಮನ್ನರ್‌ಹೈಮ್. ಅಮೆರಿಕದಲ್ಲಿದ್ದ ಫಿನ್ನರಲ್ಲಿ ಸುಮಾರು 300 ಮಂದಿ ಸ್ವಯಂಸೇವಕರಾಗಿ ಸಮುದ್ರ ದಾಟಿದರು. 1940ರ ಮಾರ್ಚ್ 13ರಂದು ಶಾಂತಿಯಾದುದರಿಂದ ಅವರಿಗೆ ಕಾದಾಡುವ ಅವಕಾಶ ಹೆಚ್ಚಾಗಿ ದೊರೆಯಲಿಲ್ಲ. ಅರವತ್ತಾರರ ತೊಕೊಯ್ ಬಂದೂಕು ಹಿಡಿಯುವ ವಯಸ್ಸಿನವರಲ್ಲ. ಲೇಖನಿಯಿಂದಲೂ ಭಾಷಣದಿಂದಲೂ ತಮ್ಮನ್ನು ಹೊರದೂಡಿದ ದೇಶಕ್ಕಾಗಿ ಅವರು ನೆರವು ಬೇಡಿದರು. ಯಾರ ಸೇನೆಯಿಂದ ತಪ್ಪಿಸಿಕೊಂಡು ಓಡಿದ್ದರೋ ಅವರೇ ನಡೆಸುತ್ತಿದ್ದ ಯುದ್ಧಕ್ಕೆ! 1944ರ ಶಾಸನದ ಹಿಂದಿದ್ದುದು ಈ ದುಡಿಮೆಯ ನೆನಪು.

1947ರಲ್ಲಿ ಅವರು ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ದೇಶಭ್ರಷ್ಟನ ನೆನಪುಗಳೆಂದು ಅದಕ್ಕೆ ಹೆಸರು. ಕ್ಷಮಾದಾನ ದೊರೆತ ಮೇಲೂ ಅವರು ಆ ಹೆಸರನ್ನೇ ಆರಿಸಿಕೊಂಡದ್ದು ಗಮನಾರ್ಹ. 1949ರಲ್ಲಿ, ಮೂವತ್ತೊಂದು ವರ್ಷಗಳ ಅನಂತರ, ಫಿನ್‌ಲೆಂಡಿನ ನೆಲವನ್ನು ಮತ್ತೆ ಮೆಟ್ಟಿದರು. 1957ರಲ್ಲಿ ಇನ್ನೊಮ್ಮೆ ಬಂದರು. ಎರಡು ಬಾರಿಯೂ ಅಲ್ಲಿಯೇ ನೆಲೆಸದೆ ಅಮೆರಿಕಕ್ಕೆ ಹಿಂತಿರುಗಿದರು. 1963ರ ಏಪ್ರಿಲ್ 4ರಂದು ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿಯೇ ಅವರು ಕಣ್ಮುಚ್ಚಿದರು.